ಐದು ಅಡಿ ಟ್ಯಾಂಕು

2024ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಅಕ್ವೇರಿಯಂ ಗಾಜಿಗೆ ಸ್ಕೇಲು ಒತ್ತಿ ಹಿಡಿದು, ಹಳದಿ ಮೀನು ಅದರ ಪಕ್ಕಕ್ಕೆ ಬರಲಿ ಎಂದು ಕಾಯುತ್ತಿದ್ದೆ. ಮೂರನೇ ಸಲಕ್ಕೆ ಸರಿಯಾಗಿ ಸಿಕ್ಕಿತು. ಮೂತಿಯಿಂದ ಬಾಲದ ತುದಿಗೆ ಹದಿನಾರು ಸೆಂಟಿಮೀಟರ್. ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದಾಗ ಅದು ನನ್ನ ಹೆಬ್ಬೆರಳಿನಷ್ಟಿತ್ತು.

ಟ್ಯಾಂಕಿನ ಉದ್ದ ಮೂರು ಅಡಿ. ಅದರಲ್ಲಿ ಅರ್ಧದಷ್ಟು ಜಾಗವನ್ನು ಕಲ್ಲು ಮತ್ತು ಹವಳ ಹಿಡಿದಿದ್ದವು. ಉಳಿದ ಜಾಗದಲ್ಲಿ ಮೀನು ಎಡದಿಂದ ಬಲಕ್ಕೆ ಹೋಗಿ, ಗಾಜು ಮುಟ್ಟಿ, ತಿರುಗಿ ಬಲದಿಂದ ಎಡಕ್ಕೆ ಬರುತ್ತಿತ್ತು. ಒಂದು ನಿಮಿಷಕ್ಕೆ ಹದಿನೆಂಟು ಸಲ ತಿರುಗಿತು. ಬಾಲದ ಅಂಚು ಸವೆದು ಎಳೆ ಎಳೆಯಾಗಿತ್ತು.

ನಮ್ಮ ಮೇಲೂರಿನಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ ಇನ್ನೂರೈವತ್ತು ಕಿಲೋಮೀಟರಿಗೆ ಕಡಿಮೆ ಇಲ್ಲ. ಬೋರ್‌ವೆಲ್ ನೀರನ್ನು ಶುದ್ಧ ಮಾಡಿ, ಉಪ್ಪಿನ ಪುಡಿ ತೂಗಿ ಹಾಕಿ, ಸಾಂದ್ರತೆ ನೋಡಿ ನಾನೇ ಮಹಡಿಯ ಹಾಲ್‌ನಲ್ಲಿ ನೂರ ಎಂಬತ್ತು ಲೀಟರಿನ ಸಮುದ್ರ ಮಾಡಿಕೊಂಡಿದ್ದೆ. ಶಿಡ್ಲಘಟ್ಟದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳಿಗೆ ಇದು ಕಷ್ಟದ ಕೆಲಸವಲ್ಲ. ಕ್ಯಾಲ್ಸಿಯಂ ಎಷ್ಟು, ಕ್ಷಾರತೆ ಎಷ್ಟು, ಉಷ್ಣಾಂಶ ಎಷ್ಟು ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಆ ನೋಟ್‌ಬುಕ್ಕಿನಲ್ಲಿ ತಪ್ಪು ಅಂಕಿ ಇದ್ದಿರಬಹುದು. ಸುಳ್ಳು ಅಂಕಿ ಒಂದೂ ಇರಲಿಲ್ಲ.

ನನ್ನ ಗಂಡ ಗಂಗಾಧರ್ ಕಾಫಿ ಹಿಡಿದುಕೊಂಡು ಬಂದು ಹಿಂದೆ ನಿಂತರು. ಅವರು ಹಾಲಿನ ಡೈರಿಯಲ್ಲಿ ಸೂಪರ್‌ವೈಸರ್.

“ಎಷ್ಟು ಬೆಳೆದ್ರು ನಿಮ್ಮ ಸಾಹೇಬ್ರು?”

“ಹದಿನಾರು ಸೆಂಟಿಮೀಟರ್. ಇನ್ನು ಈ ಟ್ಯಾಂಕಲ್ಲಿ ಇಡೋದು ತಪ್ಪು ಕಣ್ರೀ.”

“ಹಂಗಾದ್ರೆ ದೊಡ್ಡದು ಮಾಡ್ಸು. ಎಷ್ಟು ದೊಡ್ಡದು ಬೇಕು?”

ಅದನ್ನು ಲೆಕ್ಕ ಹಾಕಿ ಆಗಿತ್ತು. ಈ ಜಾತಿಯ ಮೀನಿಗೆ ನಾಲ್ಕು ಅಡಿ ಉದ್ದ ಸಾಕು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ನೀರು, ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಎಲ್ಲ ಸೇರಿ ಆರುನೂರ ಐವತ್ತು ಕೆಜಿ. ನಮ್ಮ ಮಹಡಿ ಕಟ್ಟಿಸಿದ ಚಿಂತಾಮಣಿಯ ಎಂಜಿನಿಯರ್ ಸುನೀಲ್‌ಕುಮಾರ್ ಅವರಿಗೆ ಫೋನ್ ಮಾಡಿ ಕೇಳಿದ್ದೆ. “ಗೋಡೆ ಪಕ್ಕ, ಬೀಮ್ ಮೇಲೆ ಬರೋ ಹಾಗೆ ಇಟ್ರೆ ಏಳುನೂರು ಕೆಜಿ ತನಕ ಯೋಚ್ನೆ ಇಲ್ಲ ಮೇಡಂ. ಅದಕ್ಕಿಂತ ಜಾಸ್ತಿ ಅಂದ್ರೆ ನನ್ನ ಕೇಳೇ ಇಲ್ಲ ಅನ್ಕೊಳ್ಳಿ” ಎಂದಿದ್ದರು. ಐದು ಅಡಿಯದಾದರೆ ಎಂಟುನೂರು ಕೆಜಿ. ಅದು ಮಹಡಿಗೆ ಆಗದು. ಕೆಳಗೆ ಅತ್ತೆ ಮಾವ ಇರುವ ಹಾಲ್ ಪಶ್ಚಿಮಕ್ಕಿದೆ, ಏಪ್ರಿಲ್‌ನಲ್ಲಿ ಒಳಗೇ ಮೂವತ್ತಾರು ಡಿಗ್ರಿ ಮುಟ್ಟುತ್ತದೆ. ಹವಳ ಮೂವತ್ತಕ್ಕೇ ಬೆಳ್ಳಗಾಗಿ ಸಾಯುತ್ತದೆ.

ಇದನ್ನೆಲ್ಲ ಹೇಳಿದೆ. ಗಂಗಾಧರ್ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

“ಹುಳು ಮನೆ ಐತಲ್ಲ,” ಎಂದರು.

ಹುಳು ಮನೆ ಎಂದರೆ ಹಿತ್ತಿಲಲ್ಲಿ ನಮ್ಮ ಅತ್ತೆ ಅಶ್ವತ್ಥಮ್ಮ ರೇಷ್ಮೆಹುಳು ಸಾಕುವ ಕೋಣೆ. ದಪ್ಪ ಗೋಡೆ, ಸಿಮೆಂಟು ನೆಲ, ಕಿಟಕಿಗೆ ಒದ್ದೆ ಗೋಣಿತಾಟು. ಹೊರಗೆ ಎಷ್ಟೇ ಬಿಸಿಲಿರಲಿ ಒಳಗೆ ಇಪ್ಪತ್ತೈದು, ಇಪ್ಪತ್ತಾರು ಡಿಗ್ರಿ. ಹುಳುವಿಗೆ ಬೇಕಾದದ್ದು ಅಷ್ಟು, ಹವಳಕ್ಕೆ ಬೇಕಾದದ್ದೂ ಅಷ್ಟೇ.

“ಅತ್ತೆ ಎಲ್ಲಿ ಸಾಕ್ತಾರೆ?”

“ಸಾಕೋದು ಬೇಡ ಅಂತಾನೇ ನಾನು ಹೇಳ್ತಿರೋದು ಶೈಲಾ.”

ಅರ್ಥವಾಯಿತು. ಅತ್ತೆಗೆ ಮೂರು ವರ್ಷದಿಂದ ಉಸಿರಿನ ತೊಂದರೆ. ಪ್ರತಿ ಬೆಳೆ ಮುಗಿದ ಮೇಲೆ, ಮುಂದಿನ ಮರಿಹುಳು ತರುವ ಮುಂಚೆ, ಹುಳು ಮನೆಯನ್ನು ತೊಳೆದು, ಬ್ಲೀಚಿಂಗ್ ಪೌಡರ್ ನೀರು ಹೊಡೆದು, ಫಾರ್ಮಲಿನ್ ಸಿಂಪಡಿಸಿ ಬಾಗಿಲು ಮುಚ್ಚಬೇಕು. ಆ ಗಾಳಿ ಅವರಿಗೆ ಆಗದು. ಒಂದು ಸಲ ಚಿಕ್ಕಬಳ್ಳಾಪುರದ ಡಾಕ್ಟರು “ಈ ಕೆಲಸ ಬಿಡಿ” ಎಂದಿದ್ದರು. ಅತ್ತೆ ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಔಷಧಿ ಹೊಡೆಯಲು ಕೂಲಿಯಾಳು ಬರುವುದು, ಆ ಎರಡು ದಿನ ಅತ್ತೆ ಜಂಗಮಕೋಟೆಯ ತಂಗಿ ಕೊಂಡಮ್ಮನ ಮನೆಗೆ ಹೋಗಿರುವುದು. ಆದರೂ ಪ್ರತಿ ಬೆಳೆಗೆ ಒಂದೆರಡು ದಿನ ಅವರ ಎದೆ ಸೀಟಿ ಹೊಡೆಯುತ್ತಿತ್ತು.

“ನಾನು ಹೇಳಿದ್ರೆ ಅಮ್ಮ ಕೇಳಲ್ಲ. ಮೀನಿಗೆ ಜಾಗ ಬೇಕು ಅಂತ ನೀನು ಹೇಳಿದ್ರೆ ಬಿಡ್ತಾಳೆ,” ಎಂದರು ಗಂಗಾಧರ್.

“ಮೀನಿಗೆ ನಾಲ್ಕು ಅಡಿ ಸಾಕು ಅಂತ ಈಗಷ್ಟೇ ಹೇಳಿದ್ನಲ್ಲ.”

“ಅದು ನಂಗೂ ನಿಂಗೂ ಗೊತ್ತಿದ್ರೆ ಸಾಕು.”

ನಾನು ಬೇಡ ಎನ್ನಲಿಲ್ಲ. ಅತ್ತೆಯ ಎದೆಯ ಕಾಳಜಿಗೇ ಸುಮ್ಮನಾದೆ ಎಂದು ಬರೆದರೆ ಅದು ಅರ್ಧ ಮಾತ್ರ. ಐದು ಅಡಿ ಎಂದ ಕೂಡಲೇ ಆ ಹೆಚ್ಚಿನ ಒಂದು ಅಡಿಯಲ್ಲಿ ಯಾವ ಹವಳವನ್ನು ಎಲ್ಲಿ ಇಡಬೇಕು ಎಂದು ನನ್ನ ತಲೆ ಆಗಲೇ ಜೋಡಿಸಿಕೊಂಡಿತ್ತು.

ಆವತ್ತು ಸಂಜೆ ಅತ್ತೆ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಹಿಂದೆ ಮಾವ ಮುನಿನಾರಾಯಣಪ್ಪ. ಮಾವನಿಗೆ ಹಿಪ್ಪುನೇರಳೆ ತೋಟದ ಕೆಲಸ ಮುಗಿದರೆ ತೆಲುಗು ಬೆರೆಸಿ ನನ್ನ ಮೀನನ್ನು ಆಡಿಕೊಳ್ಳುವುದೇ ಕೆಲಸ.

“ಏಮಮ್ಮಾ, ಈ ಚೇಪ ಇನ್ನೂ ಬದುಕೈತಾ? ಸಾರಿಗೆ ಬರಲ್ಲ, ಹುರಿಯಕ್ಕೆ ಬರಲ್ಲ. ನಮ್ಮನೇಲಿ ಕೆಲಸ ಇಲ್ದೆ ಊಟ ಮಾಡೋನು ಇವನೊಬ್ನೇ.”

“ನೀವೊಬ್ರು ಇಲ್ವಾ?” ಎಂದು ಅತ್ತೆ ಟ್ಯಾಂಕಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

ಬಹಳ ಹೊತ್ತು ನೋಡಿದರು. ನಾನು ಏನೂ ಹೇಳುವ ಮುಂಚೆ ಅವರೇ ಹೇಳಿದರು.

“ಇದಕ್ಕೆ ಹಾಸಿಗೆ ಸಾಲ್ದು ಕಣಮ್ಮ. ನೋಡು, ಹೆಂಗೆ ತಿರುಗ್ತೈತೆ.”

ಹುಳು ಮೇಯುವ ಸೊಪ್ಪಿನ ತಟ್ಟೆಗೆ ಅವರು ಹಾಸಿಗೆ ಎನ್ನುತ್ತಾರೆ. ಹುಳು ಪೊರೆ ಬಿಡುವ ಹಂತಕ್ಕೆ ನಮ್ಮಲ್ಲಿ ಜ್ವರ ಎಂದು ಹೆಸರು. ಒಂದೊಂದು ಜ್ವರ ಕಳೆದಂತೆ ಹಾಸಿಗೆಯನ್ನು ಎರಡರಷ್ಟು, ಮೂರರಷ್ಟು ಹರಡಬೇಕು. ಇಕ್ಕಟ್ಟಾದರೆ ಹುಳು ಒಂದರ ಮೇಲೊಂದು ಹತ್ತಿ, ಬೆವರಿ, ರೋಗ ಬಂದು ಹೋಗುತ್ತವೆ. ನಲವತ್ತು ವರ್ಷ ಈ ಕೆಲಸ ಮಾಡಿದ ಅತ್ತೆಗೆ ಬೆಳೆಯುವ ಜೀವಕ್ಕೆ ಎಷ್ಟು ಜಾಗ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ದೊಡ್ಡ ಟ್ಯಾಂಕು ಮಾಡಿಸ್ಬೇಕು ಅಂತ ಇದೀವಿ ಅತ್ತೆ. ಐದು ಅಡಿದು. ಆದ್ರೆ ಅಷ್ಟು ಭಾರ ಮಹಡಿ ತಡೆಯಲ್ಲ. ಕೆಳಗೆ ಬಿಸಿಲು.”

“ನಾಲ್ಕು ಅಡಿದಾದ್ರೆ ಆಗಲ್ವಾ?”

ನೇರವಾಗಿ ಕೇಳಿದರು. ಗಂಗಾಧರ್ ಬಾಗಿಲ ಹತ್ತಿರ ಮೊಬೈಲ್ ನೋಡುತ್ತ ನಿಂತಿದ್ದರು.

“ಆಗಲ್ಲ ಅತ್ತೆ,” ಎಂದೆ. “ಐದೇ ಬೇಕು.”

ಅತ್ತೆ ತಲೆ ಆಡಿಸಿದರು. ಮೀನು ಮತ್ತೊಂದು ಸುತ್ತು ಬಂದು ಅವರ ಮುಖದ ಎದುರಿಗೇ ತಿರುಗಿತು.

“ಹುಳು ಮನೆ ತಗೋ,” ಎಂದರು. “ಈ ಬೆಳೆ ಗೂಡಾಗ್ಲಿ, ಬಿಟ್ಕೊಡ್ತೀನಿ. ನನ್ ಕೈಲೂ ಆಗ್ತಿಲ್ಲ ಬಿಡು.”

ಅತ್ತೆ ಎದ್ದು ಗೋಡೆ ಹಿಡಿದು ಇಳಿದು ಹೋದರು. ಗಂಗಾಧರ್ ನನ್ನ ಕಡೆ ನೋಡಿ ನಕ್ಕರು. ಮೂರು ವರ್ಷದಿಂದ ಆಗದ್ದು ಒಂದು ಸಂಜೆಗೆ ಆಗಿತ್ತು.

ಮಾರನೇ ದಿನವೇ ಚಿಕ್ಕಬಳ್ಳಾಪುರದ ಗಾಜಿನಂಗಡಿಯ ವೆಂಕಟರವಣಪ್ಪ ಅವರಿಗೆ ಐದು ಅಡಿಯ ಅಳತೆ ಕೊಟ್ಟು ಬಂದೆ. ಹನ್ನೆರಡು ಮಿಲಿಮೀಟರ್ ಗಾಜು. ತಿಂಗಳು ಹಿಡಿಯುತ್ತದೆ ಎಂದರು.

ಆ ಬೆಳೆ ಚೆನ್ನಾಗಿ ಬರಲಿಲ್ಲ. ಐದನೇ ಹಂತದಲ್ಲಿ ಒಂದು ಮೂಲೆಯ ತಟ್ಟೆಗಳಿಗೆ ಸುಣ್ಣಕಟ್ಟು ರೋಗ ಬಿತ್ತು. ಹುಳುಗಳು ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿಗಿದು ಸತ್ತವು. ಅತ್ತೆ ಅವನ್ನು ಆರಿಸಿ ಸುಟ್ಟರು. ಉಳಿದವು ಗೂಡು ಕಟ್ಟಿದವು. ಮಾವ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದ ದಿನ ಅತ್ತೆ ಚಾಕಿ ಕೇಂದ್ರಕ್ಕೆ ಫೋನ್ ಮಾಡಿದರು. ಮರಿಹುಳು ಬೆಳೆಸಿ ರೈತರಿಗೆ ಕೊಡುವ ಕೇಂದ್ರ ಅದು. “ಇನ್ಮೇಲೆ ನನ್ ಹೆಸರು ಬರೀಬೇಡಪ್ಪ” ಎಂದರು. ಆ ಕಡೆಯವನು ಏನೋ ಕೇಳಿರಬೇಕು. “ಇಲ್ಲ, ಚೆನ್ನಾಗಿದ್ದೀನಿ. ಸೊಸೆ ಮೀನಿಗೆ ಜಾಗ ಬೇಕಂತೆ” ಎಂದು ಫೋನ್ ಇಟ್ಟರು.

ತಟ್ಟೆಗಳನ್ನೂ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೂ ಕೊಂಡಮ್ಮನಿಗೆ ಕೊಟ್ಟರು. ಕೊಡುವ ಮುಂಚೆ ಒಂದೊಂದನ್ನೂ ಬ್ಲೀಚಿಂಗ್ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಮತ್ತೆ ಅದ್ದಿ ಒಣಗಿಸಿದರು. ಹಿತ್ತಿಲಲ್ಲಿ ಬಯಲು ಗಾಳಿಯಲ್ಲಿ ಮಾಡಿದ ಕೆಲಸ; ಕೆಮ್ಮಿದರು, ಅಷ್ಟೇ. ನಾನು ಕಾಲೇಜಿಗೆ ಹೊರಟವಳು ನೋಡಿ, “ಸ್ವಂತ ತಂಗಿಗೆ ಕೊಡೋದಕ್ಕೆ ಇಷ್ಟೆಲ್ಲ ಯಾಕೆ ಅತ್ತೆ?” ಎಂದೆ.

“ತಂಗಿ ಆದ್ರೇನು? ರೋಗ ಇರೋದನ್ನ ಇನ್ನೊಬ್ರ ಮನೆಗೆ ದಾಟಿಸ್ತಾರೇನಮ್ಮಾ?”

ಅದನ್ನು ಕೇಳಿಸಿಕೊಂಡೂ ನಾನು ಸ್ಕೂಟರ್ ಸ್ಟಾರ್ಟ್ ಮಾಡಿ ಹೊರಟೆ. ಹುಳು ಸಾಕುವವರು ಯಾರಿಗೂ ತಟ್ಟೆಯನ್ನಾಗಲಿ ಕೋಣೆಯನ್ನಾಗಲಿ ಔಷಧಿ ಹೊಡೆಯದೆ ಬಿಟ್ಟುಕೊಡುವುದಿಲ್ಲ, ಹೊಸ ಜೀವ ಬರುವ ಮನೆಯನ್ನಂತೂ ಇಲ್ಲವೇ ಇಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ನಾನೂ ಹುಳು ಸಾಕುವ ಮನೆಯಲ್ಲೇ ಹುಟ್ಟಿದವಳು. ಆದರೆ ನನ್ನ ಲೆಕ್ಕದಲ್ಲಿ ಆ ಕೋಣೆ ಆಗಲೇ ಹುಳು ಮನೆ ಆಗಿರಲಿಲ್ಲ. ಅಲ್ಲಿ ಇನ್ನು ಔಷಧಿಯ ಮಾತೇ ಇಲ್ಲ ಎಂದು ನಾನೂ ಗಂಗಾಧರ್ ಇಬ್ಬರೂ ನಿಶ್ಚಿಂತೆಯಾಗಿದ್ದೆವು.

ಮಾರ್ಚ್ ಏಳು, ಗುರುವಾರ. ನನಗೆ ಪರೀಕ್ಷೆಯ ಮೇಲ್ವಿಚಾರಣೆ. ಮೊಬೈಲನ್ನು ಆಫೀಸಿನಲ್ಲಿ ಕೊಟ್ಟು ಹೋಗಿದ್ದೆ. ಮಧ್ಯಾಹ್ನ ಉತ್ತರ ಪತ್ರಿಕೆ ಒಪ್ಪಿಸಿ ಬಂದು ನೋಡಿದರೆ ಮಾವನಿಂದ ಹನ್ನೊಂದು ಕರೆ. ವಾಪಸ್ ಮಾಡಿದೆ.

“ಬೇಗ ಬಾಮ್ಮಾ,” ಎಂದರು ಮಾವ. ಹಿಂದೆ ಗಾಡಿ ಓಡುವ ಸದ್ದು. “ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋಗ್ತಿದ್ದೀವಿ. ಉಸಿರು ತಗೊಳ್ತಿಲ್ಲ ಅವಳು, ಸರಿಯಾಗಿ ತಗೊಳ್ತಿಲ್ಲ.”

ಆಮೇಲೆ ತಿಳಿದದ್ದು ಇಷ್ಟು. ಮುಂದಿನ ವಾರದ ಕೊನೆಗೆ ಟ್ಯಾಂಕು ಬರುತ್ತದೆ ಎಂದು ಗಂಗಾಧರ್ ಹಿಂದಿನ ದಿನ ಅತ್ತೆಗೆ ಹೇಳಿದ್ದರು. ಅತ್ತೆ ಬೆಳಿಗ್ಗೆ ನಾವಿಬ್ಬರೂ ಹೊರಟ ಮೇಲೆ ಹುಳು ಮನೆ ತೊಳೆದರು. ಬೆಳೆಗಲ್ಲದ ಕೆಲಸಕ್ಕೆ ಕೂಲಿಯವನು ಯಾಕೆ ಎಂದುಕೊಂಡರೋ, ಕೇಳಿದರೆ ನಾವು ಬೇಡ ಎನ್ನುತ್ತೇವೆ ಎಂದುಕೊಂಡರೋ, ಸ್ಪ್ರೇಯರನ್ನು ತಾವೇ ಬೆನ್ನಿಗೆ ಹಾಕಿಕೊಂಡರು. ಮೊದಲು ಬ್ಲೀಚಿಂಗ್ ನೀರು, ನಂತರ ಫಾರ್ಮಲಿನ್. ಹೋದ ಬೆಳೆಯಲ್ಲಿ ಸುಣ್ಣಕಟ್ಟು ಬಿದ್ದಿತ್ತಲ್ಲ, ಮಾಮೂಲಿಗಿಂತ ಗಟ್ಟಿಯಾಗಿ ಬೆರೆಸಿದ್ದರು. ಗಾಳಿ ಹೊರಗೆ ಹೋಗಬಾರದು ಎಂದು ಬಾಗಿಲು ಹಾಕಿಕೊಂಡು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ನಿಂತು ಮೂಲೆಮೂಲೆಗೂ ಹೊಡೆದಿದ್ದರು. ತೋಟದಿಂದ ಬಂದ ಮಾವ ಬಾಗಿಲು ತಳ್ಳಿದಾಗ ಅತ್ತೆ ಹೊಸ್ತಿಲ ಹತ್ತಿರ ಕೂತಿದ್ದರಂತೆ. ಬೆನ್ನ ಮೇಲೆ ಸ್ಪ್ರೇಯರ್ ಹಾಗೇ ಇತ್ತಂತೆ.

ಅವರು ಕಣ್ಣು ಬಿಟ್ಟು ಮಾತಾಡುವ ಹಾಗಾದದ್ದು ನಾಲ್ಕನೇ ದಿನ. ಮುಖಕ್ಕೆ ಆಮ್ಲಜನಕದ ಮಾಸ್ಕು. ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ. ಗಂಗಾಧರ್ ಔಷಧಿ ತರಲು ಕೆಳಗೆ ಹೋಗಿದ್ದರು. ಅತ್ತೆ ಕೈಸನ್ನೆ ಮಾಡಿ ಕರೆದು, ಮಾಸ್ಕನ್ನು ಒಂದಿಷ್ಟು ಎತ್ತಿ ಕೇಳಿದರು.

“ಮೀನು ಬಿಟ್ಟಿಲ್ಲ ತಾನೇ?”

“ಇಲ್ಲ ಅತ್ತೆ.”

“ಬಿಡ್ಬೇಡ. ಬಾಗಿಲು, ಕಿಟಕಿ... ಎರಡು ದಿನ ತೆಗೆದಿಡು. ವಾಸನೆ ಹೋಗ್ಲಿ. ಆಮೇಲೆ ಬಿಡು. ಪಾಪ, ಅದಕ್ಕೆ ಆಗಲ್ಲ.”

ಅಷ್ಟು ಹೇಳಲು ಅವರು ನಾಲ್ಕು ಸಲ ಉಸಿರು ತೆಗೆದುಕೊಂಡರು. ಅವರು ಪೂರ್ತಿ ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದು ನಾಲ್ಕು ದಿನದಿಂದ ಅಂದುಕೊಂಡಿದ್ದೆ. ಆದರೆ ಆ ಮಾತು ಕೇಳಿದ ಮೇಲೆ ಕೂತಿರಲು ಆಗಲಿಲ್ಲ.

“ಅತ್ತೆ, ಆ ಮೀನಿಗೆ ನಾಲ್ಕು ಅಡಿ ಸಾಕಿತ್ತು.”

“ಏನು?”

“ನಾಲ್ಕು ಅಡಿ ಟ್ಯಾಂಕು ಸಾಕು. ಅದನ್ನ ಮೇಲೆ ನಮ್ಮ ಹಾಲ್‌ನಲ್ಲೇ ಇಡ್ಬಹುದಿತ್ತು. ನೀವು ಹುಳು ಸಾಕೋದು ಬಿಡ್ಲಿ ಅಂತ ಐದು ಅಂದೆ.”

ಅತ್ತೆ ನನ್ನನ್ನೇ ನೋಡಿದರು. ಮಾಸ್ಕಿನೊಳಗೆ ಮಂಜು ಕಟ್ಟಿತು, ಕರಗಿತು, ಮತ್ತೆ ಕಟ್ಟಿತು.

“ಗಂಗ ಹೇಳ್ಕೊಟ್ಟನಾ?”

“ಇಬ್ರೂ ಸೇರಿ. ನಂಗೂ ದೊಡ್ಡದೇ ಬೇಕಿತ್ತು.”

“‘ನಂಗೆ ಬೇಕು’ ಅಂತ ನೀನೇ ಕೇಳಿದ್ರೆ ಕೊಡ್ತಿದ್ದೆನೋ ಏನೋ.” ಉಸಿರು ಎಳೆದುಕೊಂಡರು. “ಗಂಗ ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ. ಚಿಕ್ಕೋನಿದ್ದಾಗಿಂದ ಕಿವಿ ಕೆಂಪಗಾಗ್ತವೆ. ನೀನು ಅಳತೆ ಹೇಳಿದ್ರೆ ನಂಗೆ ಹೆಂಗಮ್ಮಾ ಗೊತ್ತಾಗ್ಬೇಕು? ನಾನೇನು ಓದಿದ್ದೀನಾ?”

ಮಾಸ್ಕು ಸರಿ ಮಾಡಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.

ಆವತ್ತು ಮಧ್ಯಾಹ್ನವೇ ಆಸ್ಪತ್ರೆಯಿಂದ ನಡೆದುಕೊಂಡು ಗಾಜಿನಂಗಡಿಗೆ ಹೋದೆ. ಐದು ಗಾಜೂ ಕತ್ತರಿಸಿ ಗೋಡೆಗೆ ಒರಗಿಸಿದ್ದರು, ಅಂಟು ಹಾಕಿರಲಿಲ್ಲ.

“ಒಂದು ಅಡಿ ಕಡಿಮೆ ಮಾಡ್ಬೇಕಿತ್ತು,” ಎಂದೆ.

ವೆಂಕಟರವಣಪ್ಪ ಕನ್ನಡಕ ಹಣೆಗೇರಿಸಿ ನೋಡಿದರು. “ಮೂವತ್ತು ವರ್ಷ ಆಯ್ತು ಮೇಡಂ ಅಂಗಡಿ ಇಟ್ಟು. ಬಂದೋರೆಲ್ಲ ಇನ್ನೂ ಒಂದು ಅಡಿ ಸೇರಿಸಿ ಅಂತಾರೆ, ಕೊಯ್ದಾಕಿ ಅಂದಿದ್ದು ನೀವೇ ಮೊದ್ಲು. ಮೀನು ಸಣ್ಣಗಾಯ್ತಾ?”

“ಅಳತೆ ತಪ್ಪಾಗಿತ್ತು.”

“ಯಾರು ಅಳೆದಿದ್ದು?”

“ನಾನೇ.”

ಅವರು ಟೇಪು ಎಳೆದು ಗಾಜಿನ ಮೇಲೆ ಗೆರೆ ಹಾಕಿದರು.

ಅತ್ತೆ ಮನೆಗೆ ಬಂದದ್ದು ಮಾರ್ಚ್ ಹದಿನಾರಕ್ಕೆ. ಡಾಕ್ಟರು ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಕಳಿಸಿದ್ದರು. ಅದರೊಳಗೆ ಜೋರಾಗಿ ಊದಿದರೆ ಪಕ್ಕದ ಕೆಂಪು ಮುಳ್ಳು ಮೇಲೇರಿ ನಿಲ್ಲುತ್ತದೆ. ಉಸಿರಿನ ವೇಗ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಅದು ತೋರಿಸುತ್ತದೆ. ಅತ್ತೆಯ ವಯಸ್ಸಿಗೂ ಎತ್ತರಕ್ಕೂ ಮುನ್ನೂರ ಇಪ್ಪತ್ತು ಇರಬೇಕು. ಮೊದಲ ದಿನ ಇದ್ದದ್ದು ನೂರ ಐವತ್ತು. ದಿನವೂ ಬೆಳಿಗ್ಗೆ ಮೂರು ಸಲ ಊದಿಸಿ, ಹೆಚ್ಚಿನದನ್ನು ಬರೆದಿಟ್ಟುಕೊಳ್ಳಿ, ಅದು ಇಳಿದ ದಿನ ಇನ್‌ಹೇಲರ್‌ನಿಂದ ಎರಡು ಪಫ್ ಹೆಚ್ಚು ಕೊಡಿ ಎಂದಿದ್ದರು.

ಅತ್ತೆ ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: “ಹುಳು ಮನೆಗೆ ಯಾವಾಗ ಹೋಗ್ಬಹುದು?”

“ಹೋಗದೇ ಇದ್ರೆ ಒಳ್ಳೇದಮ್ಮ,” ಎಂದರು ಡಾಕ್ಟರು. ಅತ್ತೆ ಅವರನ್ನೇ ನೋಡುತ್ತ ಕೂತರು. “ಇನ್ನೂರೈವತ್ತು ದಾಟ್ಲಿ. ಆಮೇಲೆ ಮಾಸ್ಕ್ ಹಾಕ್ಕೊಂಡು ಹೋಗಿ. ಔಷಧಿ ಹೊಡೆಯುವಾಗ ಮಾತ್ರ ಯಾವತ್ತೂ ಇಲ್ಲ. ಇನ್ನೊಂದು ಸಲ ಹೀಗಾದ್ರೆ ನನ್ ಕೈಲಿರಲ್ಲ.”

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಅಂಕಿ ಅದೊಂದೇ, ಇನ್ನೂರೈವತ್ತು. ಅತ್ತೆ ಚಾಕಿ ಕೇಂದ್ರಕ್ಕೆ ಮತ್ತೆ ಫೋನ್ ಮಾಡಿ, “ಹೆಸರು ಬರ್ಕೊಂಡಿರು, ಯಾವಾಗ ಅಂತ ಹೇಳ್ತೀನಿ” ಎಂದರು. ಕೊಂಡಮ್ಮ ತಟ್ಟೆಗಳನ್ನು ವಾಪಸ್ ಕಳಿಸಿದರು, ಅವೂ ಔಷಧಿಯಲ್ಲಿ ಅದ್ದಿ ಒಣಗಿಸಿಯೇ ಬಂದವು. ಹುಳು ಮನೆಗೆ ಈ ಸಲ ಔಷಧಿ ಹೊಡೆಯುವುದು ನಾನು ಎಂದು ಹೇಳಿದೆ.

“ಎಷ್ಟಕ್ಕೆ ಎಷ್ಟು ನೀರು ಅಂತ ನೀನೇ ಅಳೀತೀಯಾ?” ಎಂದರು ಅತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ನನ್ನೊಡನೆ ಅವರು ಆಡಿದ ಮೊದಲ ಉದ್ದದ ಮಾತು ಅದು. “ನಿನ್ ಅಳತೆ ನಂಬಬೇಕಾ ನಾನು?”

ಮಾವ ಊಟದ ತಟ್ಟೆಯಿಂದ ತಲೆ ಎತ್ತದೆ ಅತ್ತೆಗೆ, “ಊಟ ಮಾಡೇ” ಎಂದರು.

ಆದರೂ ಅತ್ತೆ ನನ್ನ ಅಳತೆಯನ್ನೇ ನಂಬಬೇಕಾಗಿತ್ತು. ಕೊಳವೆಯ ಮೇಲಿನ ಅಂಕಿಗಳು ಸಾಸಿವೆಯಷ್ಟು ಸಣ್ಣವು. ಅತ್ತೆಗೆ ಕಾಣುತ್ತಿರಲಿಲ್ಲ, ಮಾವನಿಗೂ ಅಷ್ಟೇ. ಗಂಗಾಧರ್ ಬೆಳಿಗ್ಗೆ ಐದಕ್ಕೇ ಡೈರಿಗೆ ಹೋಗುತ್ತಿದ್ದರು. ಹೀಗಾಗಿ ದಿನವೂ ಆರೂವರೆಗೆ ಅತ್ತೆ ಊದಿ, ಕೊಳವೆಯನ್ನು ನನ್ನ ಕೈಗೆ ಕೊಟ್ಟು, ಬೇರೆ ಕಡೆ ನೋಡುತ್ತ, “ಎಷ್ಟು?” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ನೂರ ಅರವತ್ತು, ನೂರ ಎಂಬತ್ತು, ಮತ್ತೆ ನೂರ ಎಪ್ಪತ್ತು. ಏಪ್ರಿಲ್ ಮೊದಲ ವಾರ ಇನ್ನೂರ ಹತ್ತು. ಅಂಕಿ ಏರಿದ ದಿನ ಅವರು ನನಗೂ ಒಂದು ಲೋಟ ಕಾಫಿ ಬಗ್ಗಿಸುತ್ತಿದ್ದರು. ಇಳಿದ ದಿನವೂ ಬಗ್ಗಿಸುತ್ತಿದ್ದರು, ಆದರೆ ಮಾತಿರುತ್ತಿರಲಿಲ್ಲ.

ನಾಲ್ಕು ಅಡಿಯ ಟ್ಯಾಂಕು ಮಹಡಿಗೆ ಬಂದು ಕೂತಿತ್ತು. ಹಳೆಯ ಟ್ಯಾಂಕಿನ ನೀರು, ಕಲ್ಲು, ಹವಳ ಎಲ್ಲ ಸಾಗಿಸಿ, ಕೊನೆಗೆ ಮೀನು ಬಿಟ್ಟೆ. ಮೂರು ದಿನ ಕಲ್ಲಿನ ಹಿಂದೆ ಅಡಗಿತ್ತು. ನಾಲ್ಕನೇ ದಿನ ಹೊರಗೆ ಬಂದು ಉದ್ದಕ್ಕೆ ಈಜಿತು. ನಿಮಿಷಕ್ಕೆ ಆರು ಸಲ ತಿರುಗಿತು. ಬಾಲದ ಅಂಚಿನಲ್ಲಿ ಹೊಸ ರೆಕ್ಕೆ ಗಾಜಿನ ಹಾಗೆ ತೆಳ್ಳಗೆ ಮೂಡಿತು. ಅತ್ತೆ ನೋಡಲು ಮೇಲೆ ಬರಲಿಲ್ಲ. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಹೇಳದಿದ್ದರೂ ಬರುತ್ತಿದ್ದರೋ ಇಲ್ಲವೋ.

ಏಪ್ರಿಲ್ ಇಪ್ಪತ್ತನೇ ತಾರೀಖಿನ ಅಂಕಿ ಇನ್ನೂರ ನಲವತ್ತು. ಆವತ್ತು ಸಂಜೆ ಗಂಗಾಧರ್ ನನ್ನನ್ನು ಮಹಡಿಯ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡರು.

“ಇನ್ನೂರೈವತ್ತು ಆದ್ರೂ ಹೇಳ್ಬೇಡ.”

“ಏನಂತ ಹೇಳ್ಲಿ?”

“ಇನ್ನೂರ ಮೂವತ್ತು ಅನ್ನು. ಇನ್ನೂರ ನಲವತ್ತು ಅನ್ನು. ಅಲ್ಲೇ ನಿಲ್ಲಿಸು. ಎರಡು ತಿಂಗಳು ಹಂಗೇ ಹೋದ್ರೆ ಅವಳಿಗೇ ಆಸೆ ಬಿಟ್ಟೋಗುತ್ತೆ.”

“ಅಂಕಿ ನೋಡ್ಕೊಂಡೇ ಅವರು ಪಫ್ ತಗೊಳ್ಳೋದು ಕಣ್ರೀ.”

“ಎರಡು ಪಫ್ ಜಾಸ್ತಿ ತಗೊಂಡ್ರೆ ಏನಾಗಲ್ಲ, ನಾನು ಡಾಕ್ಟರ್‌ನ ಕೇಳ್ದೆ. ಹುಳು ಮನೆಗೆ ಹೋದ್ರೆ ಏನಾಗುತ್ತೆ ಅಂತಾನೂ ಕೇಳ್ದೆ.” ಅವರ ದನಿ ಇಳಿಯಿತು. “ಔಷಧಿ ನೀನು ಹೊಡೀತೀಯ, ಸರಿ. ಹಾಸಿಗೆ ಮೇಲೆ ಸುಣ್ಣದ ಪುಡಿ ಯಾರು ಎರಚ್ತಾರೆ? ಸೊಪ್ಪಿನ ಧೂಳು? ಮಾಸ್ಕ್ ಹಾಕ್ತಾಳಾ ಅವಳು? ಹತ್ತು ನಿಮಿಷಕ್ಕೆ ಸೆಕೆ ಅಂತ ಕಿತ್ತಾಕ್ತಾಳೆ. ನಿಂಗೆ ನಿನ್ ಮನಸ್ಸು ಹಗುರ ಆಗ್ಬೇಕು ಶೈಲಾ. ನಂಗೆ ನಮ್ಮಮ್ಮ ಬೇಕು.”

ಅವರು ಹೇಳಿದ ಒಂದೊಂದೂ ನಿಜ. ಸುಣ್ಣದ ಪುಡಿ ಎದೆಗೆ ಏನು ಮಾಡುತ್ತದೆ ಎಂದು ಅವರಿಗಿಂತ ಚೆನ್ನಾಗಿ ನನಗೆ ಗೊತ್ತು. ಫೆಬ್ರವರಿಯಲ್ಲಿ ನಾವು ಹೇಳಿದ ಸುಳ್ಳೂ ಇಂಥದೇ ನಿಜಗಳ ಮೇಲೆ ನಿಂತಿತ್ತು.

ಇಪ್ಪತ್ತೊಂದು ಭಾನುವಾರ. ಗಂಗಾಧರ್‌ಗೆ ವಾರದ ರಜೆ. ಆರೂವರೆಗೆ ಕೆಳಗೆ ಹೋದಾಗ ಅವರು ಬಾಗಿಲಿಗೆ ಒರಗಿ ನಿಂತಿದ್ದರು. ಅತ್ತೆ ಸ್ನಾನ ಮುಗಿಸಿ, ಕುಂಕುಮ ಇಟ್ಟುಕೊಂಡು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮಾವ ಹಿತ್ತಿಲ ಕಡೆಯ ಬಾಗಿಲು ತೆರೆದಿಟ್ಟಿದ್ದರು. ಅಲ್ಲಿಂದ ಹುಳು ಮನೆಯ ಗೋಡೆ ಕಾಣುತ್ತಿತ್ತು. ಕಿಟಕಿಗಳೆಲ್ಲ ತೆರೆದಿದ್ದವು.

ಅತ್ತೆ ಮೊದಲ ಸಲ ಊದಿದರು. ಇನ್ನೂರ ನಲವತ್ತು. ನಾನು ಹೇಳಲಿಲ್ಲ. ಮೂರೂ ಆದ ಮೇಲೆ ಹೇಳುವುದು ರೂಢಿ. ಮುಳ್ಳನ್ನು ಕೆಳಗಿಳಿಸಿ ಕೊಟ್ಟೆ. ಎರಡನೇ ಸಲ ನಡುವೆ ಕೆಮ್ಮು ಬಂದು ಇನ್ನೂರ ಇಪ್ಪತ್ತಕ್ಕೆ ನಿಂತಿತು. ಗಂಗಾಧರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅತ್ತೆ ಸ್ವಲ್ಪ ನೀರು ಕುಡಿದು, ಸುಧಾರಿಸಿಕೊಂಡು, ಎರಡೂ ಕೈಯಲ್ಲಿ ಕೊಳವೆ ಹಿಡಿದು ಮೂರನೇ ಸಲ ಊದಿದರು. ಊದಿದ ಮೇಲೆ ಕಣ್ಣು ಮುಚ್ಚಿ, ಕೊಳವೆಯನ್ನು ನನ್ನ ಕಡೆ ಚಾಚಿದರು.

ಬೆಳಕಿಗೆ ಹಿಡಿದು ನೋಡಿದೆ. ಮತ್ತೊಂದು ಸಲ ನೋಡಿದೆ. ಮುಳ್ಳು ಇನ್ನೂರೈವತ್ತನ್ನು ದಾಟಿತ್ತು. ತಲೆ ಎತ್ತಿದರೆ ಗಂಗಾಧರ್ ನನ್ನನ್ನೇ ನೋಡುತ್ತಿದ್ದರು. ಅವರ ತಲೆ ಅಡ್ಡಕ್ಕೆ ಒಂದಿಷ್ಟೇ ಆಡಿತು.

“ಎಷ್ಟಮ್ಮಾ?” ಎಂದರು ಅತ್ತೆ. ಈ ಸಲ ಬೇರೆ ಕಡೆ ನೋಡಲಿಲ್ಲ. ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿದರು.

“ಇನ್ನೂರ ಅರವತ್ತು,” ಎಂದೆ.